ಹೊಳವು ನೋಡಿ ಹೊರಡುವ ಊರಲ್ಲಿ

ನಮ್ಮ ತೀರ್ಥಹಳ್ಳಿ ಕಡೆ ಮಳೆಯ ನಡುವೆ ಸಿಗುವ ಬಿಡುವಿಗೆ ಒಂದು ಹೆಸರಿದೆ: ಹೊಳವು. ಮಳೆ ಮುಗೀತು ಅಂತ ಅರ್ಥ ಅಲ್ಲ. ಮಳೆ ಸ್ವಲ್ಪ ಉಸಿರು ತಗೊಳ್ತಿದೆ ಅಷ್ಟೇ. ಹತ್ತು ನಿಮಿಷ ಇರಬಹುದು, ಮುಕ್ಕಾಲು ಗಂಟೆ ಇರಬಹುದು. "ಹೊಳವಾಯ್ತು ನೋಡ್ರೋ" ಅಂತ ಯಾರಾದರೂ ಜಗಲಿಯಿಂದ ಕೂಗಿದರೆ ಸಾಕು, ಮನೆಯಲ್ಲಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಡ್ತಾರೆ. ಒಬ್ಬರು ಕೊಟ್ಟಿಗೆಗೆ, ಒಬ್ಬರು ತೋಟಕ್ಕೆ, ಇನ್ನೊಬ್ಬರು ಹಿತ್ತಲಿನ ಕೆಸುವಿನ ಸೊಪ್ಪಿಗೆ.

ಬೆಂಗಳೂರಿನಲ್ಲಿ ಈ ಪದ ಬಳಸೋ ಸಂದರ್ಭವೇ ಬರಲ್ಲ. ಅಲ್ಲಿ ಮಳೆ ಸಾಮಾನ್ಯವಾಗಿ ಸಂಜೆ ಬಂದು, ಟ್ರಾಫಿಕ್ ಕೆಡಿಸಿ, ಹೋಗಿಬಿಡುತ್ತೆ. ವರ್ಷಪೂರ್ತಿ ಸೇರಿಸಿದರೂ ಅಲ್ಲಿ ವಾಡಿಕೆ ಮಳೆ ಸುಮಾರು 1000 ಮಿಲಿಮೀಟರ್ ಆಸುಪಾಸು. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ನಡುವೆ ಎಲ್ಲೋ ಒಂದು ಕಡೆ ನಮ್ಮ ಮನೆ. ಇಲ್ಲಿ "ನಾಳೆ ಮಳೆ ಇಲ್ದಿದ್ರೆ ವಾಕಿಂಗ್ ಹೋಗ್ತೀನಿ" ಅಂದವರು ಅಕ್ಟೋಬರ್‌ವರೆಗೆ ಕಾಯಬೇಕು.

ಕಾಯುತ್ತಿದ್ದವರು ನಮ್ಮಪ್ಪ.

ಅಪ್ಪನಿಗೆ 62 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ ಏಳು ವರ್ಷ. ಅಕ್ಟೋಬರ್‌ನಿಂದ ಮೇ ತನಕ ಅವರ ಶಿಸ್ತು ನೋಡಿದರೆ ನನಗೇ ನಾಚಿಕೆಯಾಗಬೇಕು. ಬೆಳಿಗ್ಗೆ ಆರೂವರೆಗೆ ಹೊರಟರೆ ಮುಂದಿನ ಬಸ್ ಸ್ಟಾಪ್ ಮುಟ್ಟಿ ವಾಪಸ್, ನಾಲ್ಕು ಕಿಲೋಮೀಟರ್. ಮೃಗಶಿರ ಮಳೆ ಹಿಡಿದ ದಿನ ಆ ಬೂಟು ಪೇಪರಿನಲ್ಲಿ ಸುತ್ತಿಕೊಂಡು ಅಟ್ಟ ಸೇರುತ್ತೆ. ಆಮೇಲೆ ನಾಲ್ಕು ತಿಂಗಳು ಜಗಲಿಯ ಕುರ್ಚಿ, ಹಲಸಿನ ಹಪ್ಪಳ, ಬಚ್ಚಲೊಲೆಯ ಮುಂದೆ ಕೂತು ಮೈ ಕಾಯಿಸೋದು. ಕಳೆದ ವರ್ಷ ಮೇ ತಿಂಗಳಲ್ಲಿ ಅವರ ಎಚ್‌ಬಿಎ1ಸಿ 6.9 ಇತ್ತು. ಸೆಪ್ಟೆಂಬರ್‌ನಲ್ಲಿ 8.2. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನ ತೋರಿಸುತ್ತೆ, ಆದ್ದರಿಂದ ಸೆಪ್ಟೆಂಬರ್‌ನಲ್ಲಿ ರಕ್ತ ಕೊಟ್ಟರೆ ಬರೋದು ಇಡೀ ಮಳೆಗಾಲದ ಮಾರ್ಕ್ಸ್ ಕಾರ್ಡ್. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು.

ನಮ್ಮ ಮನೆಯಲ್ಲಿ ಇದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ದೊಡ್ಡಪ್ಪನಿಗೆ ಇದೇ ಕಾಯಿಲೆ. ಒಂದು ಆಷಾಢದಲ್ಲಿ ಕಾಲ್ಬೆರಳ ಸಂದಿಯಲ್ಲಿ ಶುರುವಾದ ಸಣ್ಣ ಹುಣ್ಣು, ಎರಡು ಬೆರಳು ತೆಗೆಯೋವರೆಗೆ ಹೋಯ್ತು. ಹಾಗಾಗಿ ಅಪ್ಪನ ಮುಂದೆ ಎರಡು ಹೆದರಿಕೆ: ನಡೆಯದಿದ್ದರೆ ಸಕ್ಕರೆ ಏರುತ್ತೆ, ಕೆಸರಲ್ಲಿ ನಡೆದರೆ ಕಾಲಿಗೆ ಏನಾದರೂ ಆಗುತ್ತೆ. ಎರಡೂ ನಿಜವೇ. ಅದಕ್ಕೇ "ಸುಮ್ನೆ ಸೋಮಾರಿತನ ಬಿಡಿ" ಅನ್ನೋ ಉಪದೇಶ ಅವರ ಹತ್ತಿರ ನಡೆಯಲ್ಲ.

ಈ ಸಲ ಜುಲೈನಲ್ಲಿ ಮೂರು ವಾರ ಊರಿಂದಲೇ ಕೆಲಸ ಮಾಡಲು ಆಫೀಸಲ್ಲಿ ಒಪ್ಪಿದರು. ಲ್ಯಾಪ್‌ಟಾಪ್ ಜೊತೆ ಓಡುವ ಬೂಟನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ. ಬೆಂಗಳೂರಿನಲ್ಲಿ ವಾರಕ್ಕೆ ನಾಲ್ಕು ದಿನ ಐದೈದು ಕಿಲೋಮೀಟರ್ ಓಡ್ತೀನಿ, ಊರಲ್ಲೂ ಬಿಡಬಾರದು ಅಂತ.

ಮೊದಲ ಬೆಳಿಗ್ಗೆ ಅಲಾರಾಂ ಹೊಡೆದಾಗ ಗಂಟೆ ಆರೂವರೆ. ಕಿಟಕಿ ಆಚೆ ನೋಡಿದರೆ ಮುಸ್ಸಂಜೆ ಅನ್ನಿಸುತ್ತೆ. ಹೆಂಚಿನ ಮೇಲೆ ಒಂದೇ ಸಮ ಸದ್ದು. ಮೈ ಭಾರ, ಕಾಲು ಭಾರ, ಜ್ವರ ಬರ್ತಿದೆಯೇನೋ ಅನ್ನೋ ಅನುಮಾನ ಬೇರೆ. ಮಳೆಗಾಲದ ಬೆಳಗಿನ ಈ ಜೋಮು ನಿಮಗೂ ಗೊತ್ತಿರುತ್ತೆ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದರೂ ಅದು ಬಿಡಲ್ಲ.

ಇದಕ್ಕೆ ಮುಖ್ಯ ಕಾರಣ ಬೆಳಕು. ಬಿಸಿಲಿನ ಮಧ್ಯಾಹ್ನ ಹೊರಗಿನ ಬೆಳಕು ಸುಮಾರು 1 ಲಕ್ಷ ಲಕ್ಸ್. ದಟ್ಟ ಮೋಡದ ದಿನ ಅದು ಕೆಲವು ಸಾವಿರಕ್ಕೆ ಇಳಿಯುತ್ತೆ, ಬೆಳಗಿನ ಜಾವ ಇನ್ನೂ ಕಡಿಮೆ. ಮನೆಯೊಳಗೆ ಲೈಟ್ ಹಾಕಿದರೂ ಕೆಲವು ನೂರು ಅಷ್ಟೇ, ನಮ್ಮಂಥ ಮರದ ಮುಚ್ಚಿಗೆಯ ಹಳೇ ಮನೆಯಲ್ಲಿ ಅದೂ ಇಲ್ಲ. ಮಿದುಳಿನೊಳಗಿನ ಗಡಿಯಾರ ಬೆಳಗಿನ ಬೆಳಕು ನೋಡಿಯೇ ಸಮಯ ಸರಿಮಾಡಿಕೊಳ್ಳೋದು. ನಿದ್ದೆಗೆ ಸಂಬಂಧಪಟ್ಟ ಮೆಲಟೋನಿನ್ ಇಳಿಯಬೇಕಾದರೂ ಕಣ್ಣಿಗೆ ಬೆಳಕು ಬೀಳಬೇಕು. ಬೆಳಕೇ ಬರದಿದ್ದರೆ ಮಿದುಳು "ಇನ್ನೂ ರಾತ್ರಿ ಇದೆ, ಮಲಗು" ಅಂತ ಹೇಳ್ತಾನೇ ಇರುತ್ತೆ. ಪಾಪ, ಅದರ ತಪ್ಪಲ್ಲ.

ಹಾಗಾಗಿ ನಾನು ಮಾಡಿದ್ದು ಇಷ್ಟೇ: ಹಾಸಿಗೆಯಲ್ಲಿ ಕೂತು ಮನಸ್ಸನ್ನ ಒಪ್ಪಿಸೋಕೆ ಹೋಗದೆ, ಕಂಬಳಿ ಹೊದ್ದುಕೊಂಡೇ ಕಾಫಿ ಲೋಟದ ಜೊತೆ ಜಗಲಿಗೆ ಬಂದು ಕೂತೆ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇಪ್ಪತ್ತು ನಿಮಿಷದಲ್ಲಿ ಕಾಲು ನನ್ನದೇ ಅನ್ನಿಸೋಕೆ ಶುರುವಾಯ್ತು. ಮಳೆ ಜಿಟಿಜಿಟಿಗೆ ಇಳಿದಿತ್ತು. ಹೊರಟೆ.

ಓಡೋಕೆ ಶುರುಮಾಡಿದ ಮೇಲೆ ಆಶ್ಚರ್ಯ. ಮನೆಯೊಳಗೆ ಇಲ್ಲದ ಶಕ್ತಿ ರಸ್ತೆಯಲ್ಲಿ ಎಲ್ಲಿಂದ ಬಂತು? ಸ್ನಾಯುಗಳು ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ನಮ್ಮನ್ನ ಮುಂದೆ ತಳ್ಳುತ್ತೆ, ಉಳಿದದ್ದೆಲ್ಲ ಬಿಸಿ. ಬೇಸಿಗೆಯಲ್ಲಿ ಆ ಬಿಸಿಯನ್ನ ಹೊರಗೆ ಹಾಕೋಕೆ ಹೃದಯ ಚರ್ಮದ ಕಡೆಗೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು, ಎರಡು ಡ್ಯೂಟಿ. ಜುಲೈ ಬೆಳಿಗ್ಗೆ ನಮ್ಮೂರಲ್ಲಿ 20 ಡಿಗ್ರಿ ಆಸುಪಾಸು, ಮೈಮೇಲೆ ತಣ್ಣನೆ ಹನಿ. ತಂಪು ಮಾಡೋ ಅರ್ಧ ಕೆಲಸವನ್ನ ಮಳೆಯೇ ಮಾಡಿಕೊಡುತ್ತೆ. ನಮ್ಮ ರಸ್ತೆಯ ಏರು ಇಳಿವಿಗೆ ಬೆಂಗಳೂರಿನ ವೇಗ ಹೋಲಿಸೋಕಾಗಲ್ಲ, ಆದರೆ ಐದು ಕಿಲೋಮೀಟರ್ ಮುಗಿದಾಗ ಇನ್ನೂ ಎರಡು ಹೋಗಬಹುದು ಅನ್ನಿಸಿತ್ತು. ಮಳೆ ಇಲ್ಲದೆ ಬರೀ ಮೋಡ, ತೇವ ಇರುವ ದಿನ ಕಥೆ ಬೇರೆ. ಗಾಳಿಯಲ್ಲೇ ನೀರು ತುಂಬಿರೋವಾಗ ಬೆವರು ಆರಲ್ಲ, ಮೈ ತಣ್ಣಗಾಗಲ್ಲ, ಬೇಗ ಸುಸ್ತು. ಹನಿ ಬೀಳೋ ದಿನವೇ ವಾಸಿ.

ಅಂದರೆ ಮಳೆ ಕಾಲಿನ ಶಕ್ತಿಯನ್ನೇನೂ ಕಸಿಯಲ್ಲ. ಕಸಿಯೋದು ಹೊಸ್ತಿಲು ದಾಟೋ ಆ ಎರಡು ನಿಮಿಷವನ್ನ.

ನಮ್ಮೂರಿನವರಿಗೆ ಮಾತ್ರ ನಾನು ಓಡೋದು ಅರ್ಥವೇ ಆಗಲಿಲ್ಲ. ಎರಡನೇ ದಿನ ತೀರ್ಥಹಳ್ಳಿ ಕಡೆ ಹೊರಟಿದ್ದ ಬಸ್ಸು ನನ್ನ ಪಕ್ಕ ನಿಂತಿತು. "ಹತ್ತಿ, ಹತ್ತಿ" ಅಂದರು ಕಂಡಕ್ಟರು. ಬೇಡ ಅಂದಿದ್ದಕ್ಕೆ ಇಡೀ ಬಸ್ಸು ಕಿಟಕಿಗೆ ಬಂದು ನೋಡಿತು. ಮಳೆಯಲ್ಲಿ ಓಡುವ ಮನುಷ್ಯ ಅಂದರೆ ಇಲ್ಲಿ ಬಸ್ ತಪ್ಪಿಸಿಕೊಂಡವನು, ಇಲ್ಲ ದನ ತಪ್ಪಿಸಿಕೊಂಡವನು. ಮೂರನೇ ವರ್ಗ ಇಲ್ಲ.

ತಾಪತ್ರಯ ಇಲ್ಲ ಅಂತಲ್ಲ. ರಸ್ತೆಯಂಚಿನ ಹಾವಸೆ ಎಣ್ಣೆ ಸುರಿದ ಹಾಗೆ ಜಾರುತ್ತೆ, ಅಲ್ಲಿ ಓಟ ಬಿಟ್ಟು ನಡಿಗೆಯೇ ಸರಿ. ಹುಲ್ಲಿಗೆ ಕಾಲಿಟ್ಟರೆ ಇಂಬಳ. ಅದು ಹತ್ತೋದು ಗೊತ್ತಾಗಲ್ಲ, ಕಾಲುಚೀಲ ಕೆಂಪಾದಾಗಲೇ ಗೊತ್ತಾಗೋದು. ಇನ್ನು ಓಡುವಾಗ ಹಿತವಾಗಿದ್ದ ಒದ್ದೆ ಬಟ್ಟೆ ನಿಂತ ಕೂಡಲೇ ಶತ್ರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನ ಎಳೆದುಕೊಳ್ಳುತ್ತೆ. ಮೈ ದುಡಿಯೋದು ನಿಲ್ಲಿಸಿದ ಮೇಲೆ ಹೊಸ ಬಿಸಿ ಬರಲ್ಲ, ನಡುಕ ಶುರು. ಬಂದ ಕೂಡಲೇ ಫೋನ್ ನೋಡೋದಲ್ಲ, ಮೊದಲು ತಲೆ ಒರೆಸಿ ಅಂಗಿ ಬದಲಾಯಿಸೋದು. ಅಜ್ಜಿ ಇದ್ದಾಗ ಇದನ್ನೇ ಹೇಳಿ ಬೈಯ್ತಿದ್ದಳು, ವಿಜ್ಞಾನ ಸೇರಿಸಿರಲಿಲ್ಲ ಅಷ್ಟೇ.

ಒಂದು ಭಾನುವಾರ ಅಪ್ಪನನ್ನ ಕರ್ಕೊಂಡು ಆಗುಂಬೆಗೆ ಹೋದೆ. ಹೇಳಿಕೊಳ್ಳೋಕೆ ಸುತ್ತಾಟ, ಒಳಗಿನ ಉದ್ದೇಶ ಅವರನ್ನ ಸ್ವಲ್ಪ ನಡೆಸೋದು. ಚಳಿಗಾಲದಲ್ಲಿ ಸೂರ್ಯ ಅರಬ್ಬೀ ಸಮುದ್ರದ ಕಡೆ ಇಳಿಯೋದನ್ನ ನೋಡೋಕೆ ಜನ ಮುಗಿಬೀಳುವ ಸೂರ್ಯಾಸ್ತದ ಜಾಗದಲ್ಲಿ ಅವತ್ತು ಕೈಗೆ ಸಿಗುವ ಕಟಕಟೆಯೂ ಕಣ್ಣಿಗೆ ಕಾಣಲಿಲ್ಲ. ಘಾಟಿಯ ಹಿಮ್ಮುರಿ ತಿರುವುಗಳಿಂದ ಹಾರ್ನ್ ಸದ್ದು ಮಾತ್ರ ಮೇಲೆ ಬರ್ತಿತ್ತು, ಗಾಡಿ ಇಲ್ಲ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಚಿತ್ರೀಕರಣ ನಡೆದ ದೊಡ್ಡಮನೆಯ ಮುಂದೆ ರೈನ್‌ಕೋಟಿನ ಹುಡುಗರು ಸೆಲ್ಫಿ ತಗೊಳ್ತಿದ್ದರು, ಬಂದ ಫೋಟೋದಲ್ಲಿ ಮನೆ ಇರಲಿಲ್ಲ.

ಪೇಟೆಯಲ್ಲಿ ಟೀ ಕುಡೀತಾ ನಿಂತಿದ್ದಾಗ ದೊಡ್ಡ ಕಪ್ಪು ಕೊಡೆ ಹಿಡಿದ ಹಿರಿಯರೊಬ್ಬರು ನಮ್ಮ ಮುಂದೆ ಎರಡು ಸಲ ಹೋದರು, ಎರಡು ಸಲ ಬಂದರು. ಚಪ್ಪಲಿ ಅಲ್ಲ, ಗಮ್‌ಬೂಟು. ಪಂಚೆ ಮಂಡಿಯ ಮೇಲಕ್ಕೆ. ನಿವೃತ್ತ ಮೇಷ್ಟ್ರಂತೆ. ಮಳೆ ಇದ್ದರೂ ಬರ್ತೀರಾ ಅಂತ ಅಪ್ಪ ಕೇಳಿದರು. ಅವರು ಹೇಳಿದ್ದು ನನಗೆ ಬಹಳ ಇಷ್ಟವಾಯ್ತು: "ನಾನು ಮಳೆ ನೋಡಲ್ಲ ಮಾರಾಯ್ರೆ, ಗಾಳಿ ನೋಡ್ತೀನಿ. ಗಾಳಿ ಇದ್ರೆ ಕೊಂಬೆ ಬೀಳ್ತದೆ, ಕರೆಂಟ್ ತಂತಿ ಬೀಳ್ತದೆ, ಕೊಡೆ ತಿರುಗ್ತದೆ. ಅವತ್ತು ಮನೆ. ಬರೀ ಮಳೆ ಏನು ಮಾಡ್ತದೆ?"

ಬೆಂಗಳೂರಿನ ನಮ್ಮ ರನ್ನಿಂಗ್ ಗುಂಪಿನಲ್ಲಿ ಮಳೆ ಬಂದರೆ ಎರಡೇ ಪಂಗಡ. ಒಂದು ಹನಿ ಬಿದ್ದರೂ ಹಾಸಿಗೆ ಬಿಡದವರು, ಮತ್ತೆ ಮೊಣಕಾಲುದ್ದ ನೀರು ನಿಂತ ರಸ್ತೆಯಲ್ಲಿ ಓಡಿ ರೀಲ್ಸ್ ಹಾಕುವವರು. ಎರಡನೆಯವರ ಬಗ್ಗೆ ನನಗೆ ಗೌರವ ಕಡಿಮೆ. ನಿಂತ ನೀರಿನ ಕೆಳಗೆ ಮ್ಯಾನ್‌ಹೋಲ್ ಮುಚ್ಚಳ ಇದೆಯೋ ಇಲ್ಲವೋ, ಕಂಬದಿಂದ ಕರೆಂಟ್ ಇಳಿದಿದೆಯೋ ಏನೋ, ಯಾರಿಗೆ ಗೊತ್ತು? ಮಿಂಚು ಗುಡುಗು ಇದ್ದಾಗಲೂ ಅಷ್ಟೇ, ಮನೆಯೊಳಗಿರೋದೇ ಜಾಣತನ. ಮೇಷ್ಟ್ರ ಲೆಕ್ಕ ಚೆನ್ನಾಗಿದೆ: ಯಾವುದಕ್ಕೆ ಹೆದರಬೇಕು ಅನ್ನೋದು ಮೊದಲೇ ತೀರ್ಮಾನವಾಗಿದೆ, ದಿನಾ ಬೆಳಿಗ್ಗೆ ಹೊಸದಾಗಿ ಚರ್ಚೆ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಅಂದರು, "ಅವರಿಗೆ ಶುಗರ್ ಇಲ್ವೇನೋ."

ನಿಜವಾದ ದಾರಿ ಸಿಕ್ಕಿದ್ದು ತೋಟದಲ್ಲಿ. ಅಡಿಕೆಗೆ ಕೊಳೆರೋಗ ಬರೋದು ಈ ಜಡಿಮಳೆಯ ದಿನಗಳಲ್ಲೇ. ಬಂದರೆ ಎಳೆಕಾಯಿ ರಾಶಿ ರಾಶಿ ಉದುರುತ್ತೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಕಾರಣ ಹುಡುಕಿ, ಈ ಔಷಧಿಯನ್ನ ರೈತರಿಗೆ ಒಗ್ಗಿಸಿದವರು. ನೂರು ವರ್ಷ ಆದರೂ ನಮ್ಮ ಕಡೆ ಇದೇ ಮದ್ದು.

ಇದರಲ್ಲಿ ಒಂದು ಗಮ್ಮತ್ತಿದೆ. ದ್ರಾವಣ ಕಲಸಿದ ದಿನವೇ ಖರ್ಚಾಗಬೇಕು, ಇಟ್ಟರೆ ಕೆಡುತ್ತೆ. ಹೊಡೆಯೋದಕ್ಕೆ ಹೊಳವು ಬೇಕು, ಕಾಯಿಗೆ ಅಂಟಿ ಆರೋಕೆ ಸ್ವಲ್ಪ ಸಮಯ ಬೇಕು. ಹಾಗಂತ ಹೊಳವಾದ ಮೇಲೆ ಮೈಲುತುತ್ತ ಕರಗಿಸೋಕೆ ಕೂತರೆ ಮತ್ತೆ ಮಳೆ ಬಂದುಬಿಡುತ್ತೆ. ಅದಕ್ಕೇ ಅಪ್ಪ ಬೆಳಿಗ್ಗೆಯೇ ಮಳೆ ಸುರೀತಿದ್ದಾಗಲೇ ಡ್ರಮ್ಮಿನಲ್ಲಿ ದ್ರಾವಣ ತಯಾರು ಮಾಡಿಸ್ತಾರೆ. ಪಂಪು, ಪೈಪು, ಹಗ್ಗ ಎಲ್ಲ ಸಜ್ಜು. ಮರ ಹತ್ತುವವನು ಕೊಟ್ಟಿಗೆ ಮಾಡಿನ ಕೆಳಗೆ ಕವಳ ಹಾಕ್ಕೊಂಡು ಕೂತಿರ್ತಾನೆ. ಹೊಳವಾಯ್ತು ಅನ್ನೋ ಹೊತ್ತಿಗೆ ಅಪ್ಪ ಅರ್ಧ ತೋಟದಲ್ಲಿರ್ತಾರೆ. ಆಚೆ ಗದ್ದೆಯಲ್ಲಿ ನಾಟಿ ಮಾಡೋ ಹೆಂಗಸರು ಹೊಳವಿಗೂ ಕಾಯಲ್ಲ, ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿದರೆ ಮಧ್ಯಾಹ್ನವೇ. ಇವರ್ಯಾರಿಗೂ ಯಾರೂ ಸ್ಫೂರ್ತಿಯ ಮಾತು ಹೇಳೋದಿಲ್ಲ. ಕೂಲಿಗೆ ಬಂದವರಿಗೆ ಆಯ್ಕೆಯೂ ಇಲ್ಲ, ಅದನ್ನ ವ್ಯಾಯಾಮ ಅಂತ ಹೊಗಳೋದು ನನಗೆ ಸರಿ ಕಾಣಲ್ಲ. ಆದರೆ ಅಪ್ಪನದು ಗಮನಿಸಬೇಕಾದ್ದೇ. 100 ಲೀಟರ್ ಔಷಧಿಯನ್ನ ಆಕಾಶದ ಮೇಲೆ ಬಾಜಿ ಕಟ್ಟಿ ಕಲಸುವ ಮನುಷ್ಯ, ಒಂದು ಜೊತೆ ಬೂಟನ್ನ ಬಾಜಿ ಕಟ್ಟೋಕೆ ತಯಾರಿಲ್ಲ!

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಅಪ್ಪ, ಹೊಳವಾದ ಮೇಲೆ ಬೂಟು ಹುಡುಕಬೇಡ. ಔಷಧಿ ಕಲಸಿಡ್ತೀಯಲ್ಲ, ಹಾಗೆ ಬೆಳಿಗ್ಗೆ ಏಳಕ್ಕೇ ಬೂಟು ಹಾಕ್ಕೊಂಡು ಜಗಲೀಲಿ ಕೂತ್ಕೋ." ಅಪ್ಪ ನಕ್ಕರು. ಅಮ್ಮ ಮಾತಾಡದೆ ಎದ್ದು ಹೋಗಿ ಅಟ್ಟದಿಂದ ಬೂಟು ಇಳಿಸಿದಳು. ಅದರೊಳಗೆ ಇಲಿ ಸಂಸಾರ ಮಾಡಿತ್ತು, ಹೊಸದು ತರಬೇಕಾಯಿತು, ಆ ಮಾತು ಬೇರೆ.

ಮೊದಲ ಎರಡು ದಿನ ಪುನರ್ವಸು ಮಳೆ ಹಟ ಹಿಡಿದ ಹಾಗೆ ಸುರೀತು, ಹೊಳವೇ ಇಲ್ಲ. ಬೂಟು ಹಾಕಿ ಕೂತ ಅಪ್ಪನ ಮುಖ ನೋಡೋ ಹಾಗಿರಲಿಲ್ಲ. ಆಗ ಜಗಲಿಯನ್ನೇ ಅಳೆದೆವು. ಉದ್ದ 36 ಅಡಿ, ಹೋಗಿ ಬಂದರೆ ಸುಮಾರು 22 ಮೀಟರ್. ಹತ್ತು ನಿಮಿಷಕ್ಕೆ 27 ಸುತ್ತು, ಅಂದರೆ 600 ಮೀಟರ್ ಹತ್ತಿರ. "ಗಾಣದ ಎತ್ತು ಮಾಡಿದೆ ನನ್ನ" ಅಂತ ಗೊಣಗಿದರೂ, ಲೆಕ್ಕ ತಪ್ಪಬಾರದು ಅಂತ ಒಂದು ಬಟ್ಟಲಿಂದ ಇನ್ನೊಂದಕ್ಕೆ ಅಡಿಕೆ ಹಾಕುತ್ತಾ ನಡೆದರು. ತಿಂಡಿ, ಊಟ, ರಾತ್ರಿ ಊಟ, ಮೂರರ ನಂತರವೂ ಹತ್ತತ್ತು ನಿಮಿಷ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವ ಹೊತ್ತಿಗೆ ಕಾಲಿನ ಸ್ನಾಯು ಕೆಲಸ ಮಾಡ್ತಿದ್ದರೆ, ಅದು ಇನ್ಸುಲಿನ್‌ಗೆ ಕಾಯದೆ ನೇರವಾಗಿ ಸಕ್ಕರೆಯನ್ನ ಒಳಗೆ ತಗೊಳ್ಳುತ್ತೆ. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ. ಜಗಲಿಯ ನಡಿಗೆ ಅಷ್ಟು ಬಿರುಸಲ್ಲ, ಆದರೂ ದಿನಕ್ಕೆ 30 ನಿಮಿಷ ಕುರ್ಚಿಯಿಂದ ಎದ್ದ ಹಾಗಾಯ್ತಲ್ಲ.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಹೊಳವಾಯ್ತು. ನಾನು ಮೀಟಿಂಗ್‌ನಲ್ಲಿದ್ದೆ. ತಲೆ ಎತ್ತಿ ನೋಡೋ ಹೊತ್ತಿಗೆ ಕುರ್ಚಿ ಖಾಲಿ, ಕೊಡೆ ಇಲ್ಲ. 25 ನಿಮಿಷ ಕಳೆದು ಬಂದರು, ಪ್ಯಾಂಟಿನ ಅಂಚು ಮಾತ್ರ ಒದ್ದೆ.

ಕಾಲಿನ ವಿಷಯದಲ್ಲಿ ಅಮ್ಮನದು ಪೊಲೀಸ್ ಕೆಲಸ. ಬಂದ ತಕ್ಷಣ ಕಾಲು ತೊಳೆದು ಬೆರಳ ಸಂದಿಯನ್ನ ಒಣಬಟ್ಟೆಯಲ್ಲಿ ಒತ್ತಿ ಒರೆಸಬೇಕು. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಬೇಕು. ಹಳೇ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿರಬಹುದು, ಗಾಯ ಆದರೂ ನೋವು ಗೊತ್ತಾಗಲ್ಲ. ದೊಡ್ಡಪ್ಪನಿಗೆ ಆದದ್ದೂ ಹಾಗೇ. ಅಂಗಳಕ್ಕೂ ಬರಿಗಾಲಲ್ಲಿ ಇಳಿಯೋ ಹಾಗಿಲ್ಲ. ಬೂಟು ಎರಡು ಜೊತೆ ಇದ್ದರೆ ಒಂದು ಒಣಗುತ್ತಿರುತ್ತೆ: ಅಡಿಹಾಳೆ ತೆಗೆದು, ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಮರುದಿನಕ್ಕೆ ತಯಾರು. ಬಚ್ಚಲೊಲೆಯ ಹತ್ತಿರ ಇಡಬಹುದು, ತೀರಾ ಬಾಯಿಗೆ ಇಟ್ಟರೆ ಅಂಟು ಬಿಟ್ಟು ತಳ ಕಳಚಿಕೊಳ್ಳುತ್ತೆ. ಇಂಬಳ ಕಚ್ಚಿದರೆ ಕೆರೆಯದೆ ಸೋಪು ಹಾಕಿ ತೊಳೆಯೋದು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನೂ ರಾತ್ರಿಯೇ ಓಡುವ ಬಟ್ಟೆ, ಬೂಟನ್ನ ಬಾಗಿಲ ಪಕ್ಕ ಇಡ್ತೀನಿ. ಎದ್ದ ಕೂಡಲೇ ಬಾಲ್ಕನಿ. ಮಳೆ ಹೆಚ್ಚಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು, ಆರು ಮಹಡಿ, ನಾಲ್ಕು ಸಲ. ಪಕ್ಕದ ಮನೆಯವರಿಗೆ ಲಿಫ್ಟ್ ಕೆಟ್ಟಿದೆ ಅನ್ನೋ ಭ್ರಮೆ.

ಅಪ್ಪನ ಪರೀಕ್ಷೆ ಸೆಪ್ಟೆಂಬರ್ ಎರಡನೇ ವಾರ ಆಯ್ತು. ಈ ಮೇ ತಿಂಗಳಲ್ಲಿ 7.0 ಇದ್ದದ್ದು 7.2. ಇಳಿದಿಲ್ಲ, ಆದರೆ ಕಳೆದ ವರ್ಷದ ಹಾಗೆ ಹಾರಿಯೂ ಇಲ್ಲ. ಮಾತ್ರೆ ಬದಲಾಗಿಲ್ಲ. ಡಾಕ್ಟರು ಈ ಸಲ ಏನು ಮಾಡಿದ್ರಿ ಅಂತ ಕೇಳಿದರಂತೆ. ಅಮ್ಮ ವಾರಕ್ಕೆ ಮೂರು ದಿನ ಹಾಗಲಕಾಯಿ ಗೊಜ್ಜು ಮಾಡಿದ್ದರಿಂದ ಅಂತ ಅಪ್ಪ ಹೇಳಿ ಬಂದಿದ್ದಾರೆ. ಫೋನಿನಲ್ಲಿ ಅಮ್ಮ ಇದನ್ನ ಹೇಳಿ, "ಇರ್ಲಿ ಬಿಡು, ಹೆಸರು ನನಗೇ ಬಂತಲ್ಲ" ಅಂದಳು. ಹಿಂದಿನಿಂದ ಬಟ್ಟಲಿಗೆ ಅಡಿಕೆ ಬೀಳೋ ಸದ್ದು ಕೇಳ್ತಿತ್ತು.